ಟ್ಯಾಂಕಿನ ನೀರೂ ಬೆವರಬೇಕು

(ಮನೆಯಲ್ಲಿ ಸಮುದ್ರದ ಮೀನು ಸಾಕುವವರು ಕಾರವಾರದಲ್ಲಿ ಸೇರಿದ್ದ ಒಂದು ಮೇ ಸಂಜೆ ಆಡಿದ ಮಾತುಗಳ ಬರಹ ರೂಪ)

ಮೊದಲು ಮೇಜಿನ ಮೇಲಿರುವ ಈ ಎರಡು ಥರ್ಮಾಮೀಟರ್ ನೋಡಿಕೊಳ್ಳಿ. ಎರಡೂ ಒಂದೇ ತರಹದವು, ಶಾಲೆಯ ಲ್ಯಾಬಿನಲ್ಲಿ ಇರುವಂಥವು. ಒಂದರ ತುದಿಗೆ ಹಳೆ ಪಂಚೆಯ ತುಂಡು ಸುತ್ತಿ ನೀರಿನಲ್ಲಿ ನೆನೆಸಿದ್ದೇನೆ. ಇನ್ನೊಂದು ಹಾಗೇ ಇದೆ. ಎರಡಕ್ಕೂ ಈ ಚಿಕ್ಕ ಫ್ಯಾನಿನ ಗಾಳಿ ತಾಗುತ್ತಿದೆ. ಅವು ಅಲ್ಲೇ ಇರಲಿ, ಆಮೇಲೆ ಓದೋಣ. ನಾನು ಹೇಳಬೇಕು ಅಂದುಕೊಂಡಿರುವುದರ ಮುಕ್ಕಾಲು ಪಾಲು ಆ ಎರಡು ಅಂಕಿಗಳ ನಡುವೆ ಇದೆ.

ಮೇ ತಿಂಗಳಲ್ಲಿ ನಮ್ಮ ಊರು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಹಗಲು 33, 34 ಡಿಗ್ರಿ. ಹುಬ್ಬಳ್ಳಿಯವರಿಗೆ ಈ ಅಂಕಿ ಹೇಳಿದರೆ "ಅಷ್ಟೇನಾ" ಅಂತಾರೆ. ಅವರೇ ಇಲ್ಲಿಗೆ ಬಂದು ಒಂದು ರಾತ್ರಿ ಉಳಿದರೆ ಬೆಳಗಾಗುವಷ್ಟರಲ್ಲಿ ಸುಸ್ತಾಗಿರುತ್ತಾರೆ. ಇಲ್ಲಿ ಬೆವರು ಬರುತ್ತದೆ, ಆರುವುದಿಲ್ಲ. ಮೈ ತಂಪಾಗುವುದು ಬೆವರು ಬಂದಾಗ ಅಲ್ಲ, ಅದು ಆರಿದಾಗ. ನನ್ನ ಅತ್ತೆ ಧಾರವಾಡದವರು. ನಮ್ಮ ಮದುವೆಯಾದ ಹೊಸದರಲ್ಲಿ ಅಲ್ಲಿಂದ ಒಂದು ಮಣ್ಣಿನ ಹೂಜಿ ತಂದುಕೊಟ್ಟಿದ್ದರು. ಅವರ ಮನೆಯಲ್ಲಿ ಅಂಥದ್ದೇ ಹೂಜಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪು. ನಮ್ಮ ಮನೆಗೆ ಬಂದ ಮೇಲೆ ಹೂಜಿಯ ಹೊರಮೈ ಇಡೀ ದಿನ ಒದ್ದೆಯಾಗೇ ಇರುತ್ತಿತ್ತು, ಒಳಗಿನ ನೀರು ಬಾವಿ ನೀರಿನಷ್ಟೂ ತಂಪಾಗುತ್ತಿರಲಿಲ್ಲ. ಬಿರುಕು ಬಿಟ್ಟಿದೆಯೇನೋ ಅಂತ ಅತ್ತೆ ಸುತ್ತ ಕೈಯಾಡಿಸಿ ನೋಡಿದರು. ಹೂಜಿ ಸರಿಯಾಗೇ ಇತ್ತು. ಇಲ್ಲಿಯ ಗಾಳಿ ಆಗಲೇ ನೀರು ಕುಡಿದು ತುಂಬಿಕೊಂಡಿತ್ತು, ಅಷ್ಟೇ.

ನಿಮ್ಮ ಮನೆಯ ಉಪ್ಪುನೀರಿನ ಟ್ಯಾಂಕೂ ಹೀಗೇ. ಗಾಜಿನ ಗೋಡೆಯಿಂದ ಸ್ವಲ್ಪ ಬಿಸಿ ಹೊರಗೆ ಹೋಗಬಹುದು. ಆದರೆ ಕೋಣೆಯೇ 33 ಡಿಗ್ರಿ ಇರುವಾಗ ಗಾಜಿನಿಂದ ಬಿಸಿ ಒಳಗೆ ಬರುತ್ತದೆಯೇ ಹೊರತು ಹೊರಗೆ ಹೋಗುವುದಿಲ್ಲ. ಆಗ ನೀರಿಗೆ ಉಳಿಯುವುದು ಒಂದೇ ದಾರಿ, ಮೇಲ್ಮೈಯಿಂದ ಆವಿಯಾಗುವುದು. ನೀರು ಬೆವರಬೇಕು, ಆ ಬೆವರು ಆರಬೇಕು.

ನಾನು ಇದನ್ನು ಕಲಿತದ್ದು ಪುಸ್ತಕದಿಂದಲ್ಲ. ವಿಜ್ಞಾನ ಕಲಿಸುವ ಮೇಷ್ಟ್ರಾಗಿಯೂ ಇದನ್ನು ಮನೆಯಲ್ಲಿ ಕಾಣಲಿಲ್ಲ ಅನ್ನುವುದು ನನಗೆ ಇವತ್ತಿಗೂ ನೋವಿನ ವಿಷಯ. ನನ್ನ ಮೊದಲ ಟ್ಯಾಂಕ್ 60 ಲೀಟರಿನದು. ಎರಡು ಕ್ಲೌನ್ ಫಿಶ್, ಒಂದು ಡ್ಯಾಮ್ಸೆಲ್, ಎರಡು ಸಿಗಡಿ. ಉಪ್ಪಿನ ಹನಿ ಗೋಡೆಗೆ ಹಾರುತ್ತದೆ ಅಂತ ಮೇಲೆ ಪೂರ್ತಿ ಗಾಜಿನ ಮುಚ್ಚಳ ಹಾಕಿದ್ದೆ. ತಾರಸಿ ಮನೆ, ಮೇಲಿನ ಮಹಡಿ, ಪಶ್ಚಿಮದ ಗೋಡೆ. ಮೇ ತಿಂಗಳ ಒಂದು ದಿನ ಸಂಜೆ ಗುಡುಗು ಸಿಡಿಲು ಶುರುವಾಗಿ ಕರೆಂಟ್ ಹೋಯಿತು. ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ಟಾರ್ಚ್ ಹಾಕಿ ನೋಡಿದರೆ ಎರಡೂ ಕ್ಲೌನ್ ಫಿಶ್ ನೀರಿನ ಮೇಲ್ಮೈಗೆ ಬಾಯಿ ಹಚ್ಚಿಕೊಂಡಿದ್ದವು. ಬಾಯಿ ತೆರೆಯುವುದು, ಮುಚ್ಚುವುದು. ಕಿವಿರಿನ ಮುಚ್ಚಳ ಎಣಿಸಲಾಗದಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತು. ಥರ್ಮಾಮೀಟರ್ 33 ತೋರಿಸುತ್ತಿತ್ತು. ಪಕ್ಕದ ಮನೆಯವರು ಮೀನಿನ ವ್ಯಾಪಾರ ಮಾಡುವವರು. ಅವರನ್ನು ಎಬ್ಬಿಸಿ ಪೆಟ್ಟಿಗೆಯಿಂದ ಮೂರು ಕೆ.ಜಿ.ಯಷ್ಟು ಐಸ್ ತಂದು ನೇರವಾಗಿ ಟ್ಯಾಂಕಿಗೆ ಸುರಿದೆ. ಅರ್ಧ ತಾಸಿನಲ್ಲಿ ನೀರು 27ಕ್ಕೆ ಇಳಿಯಿತು. ನನಗೆ ಎಷ್ಟು ನೆಮ್ಮದಿಯಾಯಿತು ಅಂದರೆ ಅಲ್ಲೇ ನೆಲದ ಮೇಲೆ ಮಲಗಿಬಿಟ್ಟೆ. ಬೆಳಿಗ್ಗೆ ಎದ್ದಾಗ ಒಂದು ಕ್ಲೌನ್ ಫಿಶ್ ತಳದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಸಿಗಡಿಗಳೂ ಹೋಗಿದ್ದವು.

ಆ ರಾತ್ರಿ ನಾನು ಮಾಡಿದ ತಪ್ಪು ಒಂದಲ್ಲ. ಒಂದೊಂದನ್ನೇ ಬಿಚ್ಚಿ ನೋಡುತ್ತೇನೆ. ನಿಮ್ಮಲ್ಲಿ ಯಾರಿಗೂ ಅಂಥ ರಾತ್ರಿ ಬರಬಾರದು.

ಮೊದಲು, ಮೀನು ಬಾಯಿ ಬಿಟ್ಟದ್ದು ಯಾಕೆ? ಬಿಸಿಗೆ ಅಂತ ನಾನು ತಿಳಿದಿದ್ದೆ. ಬಿಸಿ ಹೌದು, ಆದರೆ ಮೀನನ್ನು ಹಿಂಡುತ್ತಿದ್ದುದು ಆಮ್ಲಜನಕದ ಕೊರತೆ. ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 25 ಡಿಗ್ರಿಯ ಒಂದು ಲೀಟರ್ ಸಮುದ್ರದ ನೀರು ಹೆಚ್ಚೆಂದರೆ 6.8 ಮಿಲಿಗ್ರಾಂ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಬಂದರೆ ಅದು 6.2ರ ಹತ್ತಿರ ಇಳಿಯುತ್ತದೆ. ಸಿಹಿನೀರಾದರೆ ಅದೇ 30 ಡಿಗ್ರಿಯಲ್ಲಿ 7.5 ಹಿಡಿಯುತ್ತದೆ. ಹಾಗಾಗಿ ಬಂಗಾರದ ಮೀನು ಸಾಕಿ ಅಭ್ಯಾಸವಿದ್ದವರಿಗೆ ಉಪ್ಪುನೀರು ಮೋಸ ಮಾಡುತ್ತದೆ. ಅಲ್ಲಿ ನಡೆದದ್ದು ಇಲ್ಲಿ ನಡೆಯುವುದಿಲ್ಲ. ಇನ್ನೊಂದು ಕಡೆ, ನೀರು ಬಿಸಿಯಾದಷ್ಟೂ ಮೀನಿನ ಮೈಯೊಳಗಿನ ಕೆಲಸ ಜೋರಾಗುತ್ತದೆ. ಹತ್ತು ಡಿಗ್ರಿ ಏರಿದರೆ ಅದರ ಆಮ್ಲಜನಕದ ಬೇಡಿಕೆ ಹೆಚ್ಚುಕಡಿಮೆ ಇಮ್ಮಡಿ. ನೀರಿನಲ್ಲಿ ಇರುವುದು ಕಡಿಮೆಯಾಗುತ್ತಿದೆ, ಮೀನಿಗೆ ಬೇಕಾಗುವುದು ಹೆಚ್ಚುತ್ತಿದೆ. ಅದರ ಮೇಲೆ ರಾತ್ರಿ. ಹಗಲು ಆಮ್ಲಜನಕ ಕೊಡುವ ಪಾಚಿ ಕತ್ತಲಾದ ಮೇಲೆ ತಾನೇ ಅದನ್ನು ಬಳಸುತ್ತದೆ. ಬೆಳಗಿನ ಜಾವ ಮೂರರಿಂದ ಐದು ಗಂಟೆ ಎಲ್ಲಕ್ಕಿಂತ ಕೆಟ್ಟ ಹೊತ್ತು. ನನ್ನ ಮೀನು ಹೋದದ್ದೂ ಅದೇ ಹೊತ್ತಿಗೆ.

ಆ ರಾತ್ರಿ ಐಸ್ ತರಲು ಓಡುವ ಬದಲು ಒಂದು ಲೋಟ ತೆಗೆದುಕೊಂಡು ಟ್ಯಾಂಕಿನ ನೀರನ್ನು ಎತ್ತಿ ಎತ್ತಿ ಮೇಲಿನಿಂದ ಹೊಯ್ದಿದ್ದರೆ ಸಾಕಿತ್ತು. ಚಾ ಆರಿಸುತ್ತೇವಲ್ಲ, ಹಾಗೆ. ಮೇಲ್ಮೈ ಒಡೆದರೆ ಆಮ್ಲಜನಕ ಒಳಗೆ ಹೋಗುತ್ತದೆ. ಹತ್ತು ನಿಮಿಷ ಹೊಯ್ಯುವುದು, ಸ್ವಲ್ಪ ಬಿಡುವುದು, ಮತ್ತೆ ಹೊಯ್ಯುವುದು. ಈಗ ನನ್ನ ಮನೆಯಲ್ಲಿ ಬ್ಯಾಟರಿಯ ಏರ್ ಪಂಪ್ ಇದೆ. ಮೀನುಗಾರರು ಜೀವಂತ ಸಿಗಡಿಯನ್ನು ಗಾಳಕ್ಕೆ ಒಯ್ಯುವಾಗ ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದೇ. ಕರೆಂಟ್ ಹೋದ ಕೂಡಲೇ ತಾನಾಗಿ ಶುರುವಾಗುವ ಪಂಪೂ ಸಿಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದವರು ದೊಡ್ಡ ಪಂಪನ್ನು ಅದಕ್ಕೆ ಹಾಕಬೇಡಿ. ಐದು, ಹತ್ತು ವಾಟಿನ ಏರ್ ಪಂಪ್ ಮಾತ್ರ ಹಾಕಿ. 150 ಆಂಪಿಯರ್ ಅವರ್ ಬ್ಯಾಟರಿಗೆ ಅದು ಲೆಕ್ಕಕ್ಕೇ ಇಲ್ಲ, ಇಡೀ ರಾತ್ರಿ ನಡೆಯುತ್ತದೆ.

ಇನ್ನು ಬಿಸಿ ಎಲ್ಲಿಂದ ಬಂತು ಅನ್ನುವುದು. ಬಿಸಿಲಿನಿಂದ ಅಂತ ಎಲ್ಲರೂ ಹೇಳುತ್ತೇವೆ. ಟ್ಯಾಂಕಿನ ಒಳಗೇ ಒಲೆ ಇದೆ ಅನ್ನುವುದು ಗೊತ್ತಾಗುವುದೇ ಇಲ್ಲ. ನೀರೊಳಗಿನ ಪಂಪ್ 30 ವಾಟಿನದು ಅಂದುಕೊಳ್ಳಿ. ಆ 30 ವಾಟೂ ಕೊನೆಗೆ ಬಿಸಿಯಾಗಿ ನೀರಿಗೇ ಸೇರುತ್ತದೆ. ದಿನವಿಡೀ ಓಡಿದರೆ ಸುಮಾರು 620 ಕಿಲೋಕ್ಯಾಲರಿ. ನೂರು ಲೀಟರ್ ನೀರನ್ನು ಆರು ಡಿಗ್ರಿ ಏರಿಸಲು ಅಷ್ಟು ಸಾಕು. ಬಿಸಿ ಹೊರಗೆ ಹೋಗುತ್ತಾ ಇರುವುದರಿಂದ ಅಷ್ಟು ಏರುವುದಿಲ್ಲ. ಆದರೆ ಮುಚ್ಚಳ ಬಿಗಿಯಾಗಿದ್ದರೆ? ಕೋಣೆಯೂ ಬಿಸಿಯಾಗಿದ್ದರೆ? ನನ್ನ ಟ್ಯಾಂಕಿನಲ್ಲಿ ಆಗಿದ್ದು ಅದೇ. ಹೀಟರ್ ಇಟ್ಟುಕೊಂಡವರು ಮಾರ್ಚ್ ಬಂದ ಕೂಡಲೇ ಅದರ ಪ್ಲಗ್ ಕಿತ್ತುಬಿಡಿ. "ತಾನಾಗಿ ಆಫ್ ಆಗುತ್ತೆ ಅಲ್ವಾ" ಅಂತ ಬಿಡಬೇಡಿ. ಒಳಗಿನ ಸ್ವಿಚ್ ಅಂಟಿಕೊಂಡರೆ ಆಫ್ ಆಗುವುದಿಲ್ಲ. ಕರಾವಳಿಯಲ್ಲಿ ನಮಗೆ ಹೀಟರ್ ಬೇಕಾಗುವುದೇ ಅಪರೂಪ. ಶಿರಸಿಯವರಿಗೆ ಡಿಸೆಂಬರ್, ಜನವರಿಯ ರಾತ್ರಿಗೆ ಬೇಕು.

ಲೈಟಿನದೂ ಹಾಗೇ. ಹಳೆಯ ಮೆಟಲ್ ಹಲೈಡ್ ಬಲ್ಬ್ ಯಾರಾದರೂ ಇನ್ನೂ ಇಟ್ಟುಕೊಂಡಿದ್ದರೆ ಬದಲಾಯಿಸಿ. ಎಲ್‌ಇಡಿ ಇದ್ದರೂ ಅದನ್ನು ಮಧ್ಯಾಹ್ನ ಉರಿಸುವ ಅಗತ್ಯ ಇಲ್ಲ. ಬೇಸಿಗೆಯಲ್ಲಿ ನಾನು ಸಂಜೆ ಐದಕ್ಕೆ ಹಾಕಿ ರಾತ್ರಿ ಹನ್ನೊಂದಕ್ಕೆ ಆರಿಸುತ್ತೇನೆ. ಮನೆಯವರೆಲ್ಲ ಮನೆಯಲ್ಲಿರುವ ಹೊತ್ತು, ನೋಡುವುದಕ್ಕೂ ಅದೇ ಚೆಂದ.

ಟ್ಯಾಂಕ್ ಎಲ್ಲಿಡಬೇಕು ಅನ್ನುವುದು ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದದ್ದು. ನೀರು ತುಂಬಿದ ಮೇಲೆ ಅದನ್ನು ಸರಿಸಲು ಆಗುವುದಿಲ್ಲ. ಹೆಂಚಿನ ಹಳೆ ಮನೆ ಇದ್ದವರು ಪುಣ್ಯವಂತರು. ನಡುಮನೆಯ ಒಳಗೋಡೆ ಹುಡುಕಿ. ತಾರಸಿ ಮನೆಯವರು ಕೆಳಗಿನ ಮಹಡಿ, ಉತ್ತರ ಅಥವಾ ಪೂರ್ವದ ಕೋಣೆ ನೋಡಿ. ಸ್ಲ್ಯಾಬ್ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಹತ್ತರ ತನಕ ಕೆಳಗೆ ಬಿಡುತ್ತಲೇ ಇರುತ್ತದೆ. ಕೈ ಎತ್ತಿ ಮುಟ್ಟಿ ನೋಡಿ, ಗೊತ್ತಾಗುತ್ತದೆ. ಮೇಲಿನ ಮಹಡಿಯೇ ಗತಿ ಅಂದರೆ ತಾರಸಿಯ ಮೇಲೆ ಒಣ ತೆಂಗಿನ ಮಡಲು ಹಾಸಿ. ನಮ್ಮ ಅಜ್ಜಂದಿರ ಉಪಾಯ. ಇವತ್ತಿಗೂ ಅದಕ್ಕಿಂತ ಅಗ್ಗದ್ದು ನನಗೆ ಸಿಕ್ಕಿಲ್ಲ.

ಈಗ ಬೆವರಿನ ಮಾತಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಲೆಕ್ಕ ಇದೆ, ದಯವಿಟ್ಟು ನನ್ನ ಜೊತೆ ಬನ್ನಿ. ಒಂದು ಲೀಟರ್ ನೀರು ಆವಿಯಾಗಬೇಕಾದರೆ ಸುಮಾರು 580 ಕಿಲೋಕ್ಯಾಲರಿ ಬಿಸಿಯನ್ನು ಜೊತೆಗೆ ಒಯ್ಯುತ್ತದೆ. ನೂರು ಲೀಟರಿನ ಟ್ಯಾಂಕಿನಿಂದ ಒಂದು ಲೀಟರ್ ಆವಿಯಾಯಿತು ಅಂದರೆ ಐದೂವರೆ ಡಿಗ್ರಿಗೂ ಜಾಸ್ತಿ ತಂಪು. ಇನ್ನು ಐಸ್ ನೋಡಿ. ಒಂದು ಕೆ.ಜಿ. ಐಸ್ ಕರಗಲು 80 ಕಿಲೋಕ್ಯಾಲರಿ, ಕರಗಿದ ನೀರು 28 ಡಿಗ್ರಿಗೆ ಬರಲು ಇನ್ನೊಂದು 28. ಒಟ್ಟು 108. ನೂರು ಲೀಟರಿಗೆ ಒಂದು ಡಿಗ್ರಿ, ಅಷ್ಟೇ. ಒಂದು ಲೀಟರ್ ಬೆವರು ಐದು ಕೆ.ಜಿ. ಐಸಿಗೆ ಸಮ! ಸದ್ದಿಲ್ಲದೆ, ಪುಕ್ಕಟೆಯಾಗಿ ಮೇಲ್ಮೈಯಿಂದ ಹೋಗುವ ಆ ಒಂದು ಲೀಟರ್. ಅದನ್ನೇ ನಾನು ಗಾಜಿನ ಮುಚ್ಚಳ ಹಾಕಿ ತಡೆದಿದ್ದೆ. ಪಂಪಿನ 620 ಕಿಲೋಕ್ಯಾಲರಿ ಹೇಳಿದೆನಲ್ಲ, ಅದನ್ನು ಹೊರಗೆ ಹಾಕಲು ದಿನಕ್ಕೆ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರು ಆರಬೇಕು. ಮುಚ್ಚಳದ ಒಳಮೈಯಲ್ಲಿ ಹನಿ ಕೂತು ತಿರುಗಿ ಟ್ಯಾಂಕಿಗೇ ಬೀಳುತ್ತಿದ್ದರೆ ಹೋದ ಬಿಸಿ ವಾಪಸ್ ಬಂತು ಅಂತ ಅರ್ಥ.

ಹಾಗಂತ ಮುಚ್ಚಳವೇ ಇಲ್ಲದೆ ಬಿಡುವಂತಿಲ್ಲ. ಮೀನು ಹಾರುತ್ತದೆ. ಸೊಳ್ಳೆ ಪರದೆ ಕಟ್ಟುವವರಿದ್ದಾರೆ. ಅದರ ಕಣ್ಣು ತುಂಬ ಚಿಕ್ಕದು, ಗಾಳಿ ಆಡುವುದಿಲ್ಲ, ಉಪ್ಪು ಕಟ್ಟಿ ಇನ್ನೂ ಮುಚ್ಚಿಹೋಗುತ್ತದೆ. ನಮ್ಮ ಊರಿನಲ್ಲಿ ಬಲೆಗೆ ಬರವೇ? ಬೈತಖೋಲ್ ಬಂದರಿನಲ್ಲಿ ಬಲೆ ರಿಪೇರಿ ಮಾಡುವವರ ಹತ್ತಿರ ಕೇಳಿ. ಬೆರಳಿನ ತುದಿ ಹೋಗದಷ್ಟು ಕಣ್ಣಿನ ನೈಲಾನ್ ಬಲೆಯ ತುಂಡು ಕೊಡುತ್ತಾರೆ. ಮರದ ಪಟ್ಟಿಯ ಚೌಕಟ್ಟಿಗೆ ಬಿಗಿದು ಟ್ಯಾಂಕಿನ ಮೇಲೆ ಕೂರಿಸಿ. ಕಬ್ಬಿಣದ ಮೊಳೆ ಬೇಡ, ತುಕ್ಕು ನೀರಿಗೆ ಬೀಳುತ್ತದೆ. ನೈಲಾನ್ ದಾರದಲ್ಲೇ ಹೊಲಿದುಬಿಡಿ. ನನ್ನದು ಏಳು ವರ್ಷದಿಂದ ಹಾಗೇ ಇದೆ.

ಆ ಬಲೆಯ ಮೇಲೆ ಒಂದು ಫ್ಯಾನ್. ಕಂಪ್ಯೂಟರಿನೊಳಗಿನ 12 ವೋಲ್ಟ್ ಫ್ಯಾನ್ ಸಾಕು. ಗಾಳಿ ನೀರಿನ ಮೇಲೆ ನೇರವಾಗಿ ಕೆಳಗೆ ಬೀಳಬಾರದು, ಓರೆಯಾಗಿ ಮೇಲ್ಮೈಯನ್ನು ಸವರಿಕೊಂಡು ಹೋಗಬೇಕು. ನೀರಿನ ಮೇಲೆ ಕೂತಿರುವ ಒದ್ದೆ ಗಾಳಿಯ ಪದರವನ್ನು ಗುಡಿಸಿ ಹಾಕುವುದೇ ಅದರ ಕೆಲಸ. ಸಾಮಾನ್ಯವಾಗಿ ಎರಡು, ಮೂರು ಡಿಗ್ರಿ ಇಳಿಯುತ್ತದೆ. ಟ್ಯಾಂಕಿನ ಕೆಳಗೆ ಸಂಪ್ ಇಟ್ಟುಕೊಂಡವರಿದ್ದೀರಿ. ಅಂಗಳದ ಸಂಪ್ ಅಲ್ಲ, ಫಿಲ್ಟರ್ ಇರುವ ಎರಡನೇ ತೊಟ್ಟಿ. ಅಲ್ಲಿಗೂ ಒಂದು ಫ್ಯಾನ್ ಇಡಿ, ಕಪಾಟಿನ ಬಾಗಿಲು ತೆರೆದಿಡಿ. ಬಾಗಿಲು ಮುಚ್ಚಿದ ಕಪಾಟಿನಲ್ಲಿ ಫ್ಯಾನ್ ತಿರುಗಿದರೆ ಒದ್ದೆ ಗಾಳಿಯೇ ಸುತ್ತು ಹೊಡೆಯುತ್ತದೆ. ಕೋಣೆಗೂ ಇದೇ ಮಾತು. ಕಿಟಕಿ ತೆರೆದಿರಲಿ, ಇಲ್ಲವೇ ಎಕ್ಸಾಸ್ಟ್ ಇರಲಿ.

ಈಗ ಥರ್ಮಾಮೀಟರ್ ನೋಡೋಣ. ಮುಂದಿನ ಸಾಲಿನಲ್ಲಿರುವ ನೀವೇ ಬಂದು ಓದಿ. ಒಣಗಿದ್ದು ಎಷ್ಟಿದೆ? 32.5. ಒದ್ದೆ ಬಟ್ಟೆಯದು? 28. ಸರಿ.

ಈ 28 ಇದೆಯಲ್ಲ, ಇದು ಇವತ್ತಿನ ಗಾಳಿ ಹಾಕಿರುವ ಗೆರೆ. ಈ ಕೋಣೆಯಲ್ಲಿ ನೀವು ಎಷ್ಟೇ ಫ್ಯಾನ್ ಇಡಿ, ಎಷ್ಟೇ ಜೋರಾಗಿ ಬೀಸಿ, ನೀರು ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಪಂಪಿನ ಬಿಸಿ ಸೇರಿದರೆ ಅದಕ್ಕಿಂತ ಒಂದು ಡಿಗ್ರಿ ಮೇಲೇ ನಿಲ್ಲುತ್ತದೆ. ಇದೇ ಪ್ರಯೋಗವನ್ನು ಶಿರಸಿಯಲ್ಲಿ ಮಾರ್ಚ್ ಮಧ್ಯಾಹ್ನ ಮಾಡಿ. ಘಟ್ಟದ ಮೇಲೆ, ಸುಮಾರು 600 ಮೀಟರ್ ಎತ್ತರದ ಊರು. ಅಲ್ಲಿ ಒಣಗಿದ್ದು 35 ತೋರಿಸಿದರೂ ಗಾಳಿಯ ತೇವ ಶೇಕಡಾ 35ರಷ್ಟಿದ್ದರೆ ಒದ್ದೆಯದು 23ರ ಹತ್ತಿರ ಬರುತ್ತದೆ. ನಮಗಿಂತ ಬಿಸಿ ಜಾಸ್ತಿ, ಆದರೂ ಅವರ ಫ್ಯಾನ್ ನಮ್ಮದಕ್ಕಿಂತ ಐದು ಡಿಗ್ರಿ ಕೆಳಗೆ ಇಳಿಸಬಲ್ಲದು. ಶಿರಸಿಯಿಂದ ಬಂದಿರುವ ಗೆಳೆಯರೇ, ನಿಮಗೆ ಫ್ಯಾನ್ ಒಂದೇ ಸಾಕು. ಅಂಕೋಲಾ, ಕುಮಟಾ, ಹೊನ್ನಾವರದ ನಮಗೆ ಮಾರ್ಚಿಯಲ್ಲಿ ಸಾಕು, ಮೇಯಲ್ಲಿ ಸಾಲದು. ಬೆಂಗಳೂರಿನವರು, ಪರದೇಶದವರು "ಫ್ಯಾನ್ ಹಾಕಿ, 25ಕ್ಕೆ ಬರುತ್ತೆ" ಅಂತ ಹೇಳಿದಾಗ ನಮ್ಮವರು ಅದನ್ನು ನಂಬಿ ಕೂರುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಊರಿನ ಗಾಳಿ ಬೇರೆ.

ಹಾಗಾಗಿ ಚಿಲ್ಲರ್, ಅಂದರೆ ಟ್ಯಾಂಕಿನ ನೀರು ತಂಪು ಮಾಡುವ ಯಂತ್ರ, ಕೊಳ್ಳುವ ಮೊದಲು ಒಂದು ಥರ್ಮಾಮೀಟರ್, ಒಂದು ಒದ್ದೆ ಬಟ್ಟೆ ತೆಗೆದುಕೊಂಡು ನಿಮ್ಮ ಮನೆಯಲ್ಲೇ, ಟ್ಯಾಂಕ್ ಇರುವ ಕೋಣೆಯಲ್ಲೇ ಒಂದು ವಾರ ಅಳೆಯಿರಿ. ಬೆಳಿಗ್ಗೆ ಆರಕ್ಕೆ, ಸಂಜೆ ನಾಲ್ಕಕ್ಕೆ. ಟ್ಯಾಂಕಿನ ನೀರಿನ ಬಿಸಿಯನ್ನೂ ಪಕ್ಕದಲ್ಲಿ ಬರೆಯಿರಿ. ನೀರು ಒದ್ದೆ ಬಟ್ಟೆಯ ಅಂಕಿಗಿಂತ ಮೂರು, ನಾಲ್ಕು ಡಿಗ್ರಿ ಮೇಲಿದ್ದರೆ ಫ್ಯಾನಿಗೆ ಇನ್ನೂ ಕೆಲಸ ಉಳಿದಿದೆ. ಒಂದೇ ಡಿಗ್ರಿ ಮೇಲಿದ್ದರೆ ಫ್ಯಾನ್ ತನ್ನ ಕೈಲಾದದ್ದು ಮಾಡಿದೆ.

ಬೆವರಿದ ಮೇಲೆ ಉಪ್ಪು ಉಳಿಯುತ್ತದೆ. ಅಂಗಿಯ ಬೆನ್ನಿನಲ್ಲಿ ಬಿಳಿ ಗೆರೆ ಕೂತಿರುವುದನ್ನು ನೋಡಿದ್ದೀರಲ್ಲ. ಟ್ಯಾಂಕಿನಲ್ಲೂ ಹೋಗುವುದು ಬರೀ ನೀರು, ಉಪ್ಪೆಲ್ಲ ಅಲ್ಲೇ. ಸಮುದ್ರದ ನೀರಿನಲ್ಲಿ ಸಾವಿರಕ್ಕೆ 35 ಪಾಲು ಉಪ್ಪು. ನೂರು ಲೀಟರಿನಿಂದ ದಿನಕ್ಕೆ ಎರಡು ಲೀಟರ್ ಆರಿದರೆ ಐದು ದಿನದಲ್ಲಿ ಅದು 39ರ ಹತ್ತಿರ ಹೋಗುತ್ತದೆ. ಫ್ಯಾನ್ ಹಾಕಿ ಮೀನು ಉಳಿಸಿದೆ ಅಂದುಕೊಂಡವರು ಹೀಗೆ ಉಪ್ಪಿನಲ್ಲಿ ಕಳೆದುಕೊಂಡದ್ದನ್ನು ನಾನು ನೋಡಿದ್ದೇನೆ. ಗಾಜಿನ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಸಂಪ್ ಇದ್ದರೆ ಗೆರೆ ಅಲ್ಲಿರಲಿ, ಮಟ್ಟ ಇಳಿಯುವುದು ಅಲ್ಲೇ ಕಾಣುವುದು. ದಿನಾ ಆ ಗೆರೆಯ ತನಕ ಆರ್‌ಒ ನೀರು ಹಾಕಿ. ಉಪ್ಪುನೀರು ಹಾಕಬೇಡಿ, ಹೋದದ್ದು ಸಿಹಿನೀರು. ಬಾವಿ ನೀರೂ ಬೇಡ. ಮೇ ತಿಂಗಳಲ್ಲಿ ಕಡಲ ಹತ್ತಿರದ ಬಾವಿಗಳು ಉಪ್ಪಾಗುತ್ತವೆ, ಕೆಲವು ಕಡೆ ಕಬ್ಬಿಣದ ಕೆಂಪು ಬೇರೆ.

ಐಸಿನ ಮಾತು ಅರ್ಧಕ್ಕೆ ಬಿಟ್ಟಿದ್ದೆ. ಐಸ್ ಪೂರ್ತಿ ಬೇಡ ಅನ್ನುತ್ತಿಲ್ಲ. ಚಿಲ್ಲರ್ ಕೆಟ್ಟ ದಿನ ಅದೇ ಗತಿ. ಆದರೆ ನೇರವಾಗಿ ಸುರಿಯಬಾರದು. ನಾನು ಸುರಿದ ಐಸ್ ಯಾವ ನೀರಿನದು, ಅದರಲ್ಲಿ ಏನೇನಿತ್ತು ನನಗೆ ಗೊತ್ತಿರಲಿಲ್ಲ. ಮೂರು ಲೀಟರ್ ಸಿಹಿನೀರು ಒಮ್ಮೆಲೇ ಸೇರಿ ಉಪ್ಪು ಇಳಿಯಿತು. ಅದಕ್ಕಿಂತ ಮುಖ್ಯವಾಗಿ ಅರ್ಧ ತಾಸಿನಲ್ಲಿ ಆರು ಡಿಗ್ರಿ. ಬಿಸಿಯಲ್ಲಿ ಬಳಲಿದ ಮೀನಿಗೆ ಅದು ಇನ್ನೊಂದು ಪೆಟ್ಟು. ಸರಿಯಾದ ಕ್ರಮ ಇದು: ಒಂದು ಲೀಟರಿನ ಬಾಟಲಿಯಲ್ಲಿ ಮುಕ್ಕಾಲು ನೀರು ತುಂಬಿ ಫ್ರೀಜರಿನಲ್ಲಿಡಿ. ಬೇಕಾದಾಗ ಹೊರಮೈ ತೊಳೆದು, ಮುಚ್ಚಳ ಬಿಗಿ ಮಾಡಿ ತೇಲಿಬಿಡಿ. ತಾಸಿಗೆ ಒಂದು ಡಿಗ್ರಿಗಿಂತ ಜಾಸ್ತಿ ಇಳಿಸಬೇಡಿ. ಇಳಿಸಿದ್ದನ್ನು ಮತ್ತೆ ಏರಲು ಬಿಡಬೇಡಿ. ಬಾಟಲಿ ಬದಲಿಸುವವರು ಮನೆಯಲ್ಲಿ ಯಾರಾದರೂ ಇರಬೇಕು. ಹಗಲು 26, ರಾತ್ರಿ 31 ಅಂತ ಜೋಲಿ ಹೊಡೆಯುವುದಕ್ಕಿಂತ ಇಡೀ ದಿನ 29ರಲ್ಲಿ ನಿಂತಿರುವುದೇ ಮೀನಿಗೆ ಹಿತ.

ಇಲ್ಲೊಬ್ಬರು ಹಿರಿಯರು ಆಗಲೇ ಕೈ ಎತ್ತಿದ್ದರು. "ತಮ್ಮಾ, ಮೇ ತಿಂಗಳಲ್ಲಿ ನಮ್ಮ ಸಮುದ್ರವೇ ಬೆಚ್ಚಗಿರುತ್ತದೆ. ಅಲ್ಲಿ ಮೀನು ಬದುಕುವುದಿಲ್ಲವೇ?" ಬಹಳ ಒಳ್ಳೆಯ ಪ್ರಶ್ನೆ. ನಲವತ್ತು ವರ್ಷ ದೋಣಿಯಲ್ಲಿ ಹೋದವರು ಕೇಳುವ ಪ್ರಶ್ನೆ. ಹೌದು, ಮಳೆಗಾಲಕ್ಕೆ ಮುಂಚೆ ಅರಬ್ಬಿ ಸಮುದ್ರದ ಮೇಲ್ಮೈ 30 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಆದರೆ ಅಲ್ಲಿ ಅದು ವಾರಗಟ್ಟಲೆ ನಿಧಾನವಾಗಿ ಏರುತ್ತದೆ, ಅಲೆ ಬಿಡದೆ ಗಾಳಿ ಬೆರೆಸುತ್ತದೆ, ಮೀನಿಗೆ ಬೇಡವಾದರೆ ಆಳಕ್ಕೆ ಇಳಿಯಬಹುದು. ಟ್ಯಾಂಕಿನ ಮೀನಿಗೆ ಇಳಿಯಲು ಇರುವುದು ಒಂದೂವರೆ ಅಡಿ. ಸಮುದ್ರದಲ್ಲೂ ಓಡಲಾಗದ ಜೀವಕ್ಕೆ ಇದೇ ಕಷ್ಟ. ಹವಳ ನೋಡಿ. ಅದರ ಮೈಯೊಳಗೆ ಬಣ್ಣ ಕೊಡುವ, ಅನ್ನ ಕೊಡುವ ಸಣ್ಣ ಪಾಚಿ ಇರುತ್ತದೆ. ಬೇಸಿಗೆಯ ಸಾಮಾನ್ಯ ಮಟ್ಟಕ್ಕಿಂತ ನೀರು ಬರೀ ಒಂದು ಡಿಗ್ರಿ ಹೆಚ್ಚಾಗಿ ವಾರಗಟ್ಟಲೆ ಹಾಗೇ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998ರಲ್ಲಿ ಆಯಿತು, 2010ರಲ್ಲಿ ಆಯಿತು, 2016ರಲ್ಲಿ, 2024ರಲ್ಲಿ ಮತ್ತೆ ಆಯಿತು. ಒಂದು ಡಿಗ್ರಿ ಅಂದರೆ ಏನು ಮಹಾ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಹವಳದ ಮಾತು ಬಂದದ್ದಕ್ಕೆ ಒಂದು ಬಿನ್ನಹ. ಮುರ್ಡೇಶ್ವರದ ಎದುರಿನ ನೇತ್ರಾಣಿ ನಡುಗಡ್ಡೆಗೆ ಡೈವಿಂಗಿಗೆ ಹೋಗುವ ಹುಡುಗರು ಇಲ್ಲಿದ್ದೀರಿ. ಅಲ್ಲಿಂದ ಹವಳದ ಒಂದು ಚೂರನ್ನೂ ಮನೆ ಟ್ಯಾಂಕಿಗೆ ತರಬೇಡಿ. ಕಲ್ಲು ಹವಳಗಳು, ಕಡಲ ಕುದುರೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಕಾಯ್ದೆ ಇಲ್ಲದಿದ್ದರೂ ನಾನು ಬೇಡ ಅನ್ನುತ್ತಿದ್ದೆ. ಅಲ್ಲಿ ಎಷ್ಟೋ ವರ್ಷ ಬೆಳೆದದ್ದು ನಮ್ಮ ಮನೆಯಲ್ಲಿ ಒಂದು ಮೇ ತಿಂಗಳು ಕಳೆಯುವುದಿಲ್ಲ. ಮೀನು ಕೊಳ್ಳುವಾಗಲೂ ತೊಟ್ಟಿಯಲ್ಲಿ ಮರಿ ಮಾಡಿಸಿದ ಕ್ಲೌನ್ ಫಿಶ್ ಕೇಳಿ ಪಡೆಯಿರಿ. ಹುಟ್ಟಿನಿಂದ ಟ್ಯಾಂಕಿನ ನೀರಿಗೇ ಒಗ್ಗಿದವು ಅವು.

ಚಿಲ್ಲರ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅದು ಫ್ರಿಜ್ಜಿನ ತಮ್ಮ. ನೀರಿನ ಬಿಸಿ ತೆಗೆದು ಕೋಣೆಗೆ ಎಸೆಯುತ್ತದೆ, ಜೊತೆಗೆ ತನ್ನ ಮೋಟಾರಿನ ಬಿಸಿಯನ್ನೂ. ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಇಟ್ಟರೆ ಎಸೆದದ್ದು ತಿರುಗಿ ಟ್ಯಾಂಕಿಗೇ ಬರುತ್ತದೆ. ಪೈಪ್ ಉದ್ದವಾದರೂ ಪರವಾಗಿಲ್ಲ, ಗಾಳಿಯಾಡುವ ಪಡಸಾಲೆಗೋ ಗೋಡೆಯ ಆಚೆಗೋ ಒಯ್ಯಿರಿ. ಒಳಗಿನ ಸುರುಳಿ ಟೈಟಾನಿಯಂದೇ ಇರಬೇಕು. ಹಳೆ ಫ್ರಿಜ್ಜಿಗೆ ತಾಮ್ರದ ಪೈಪ್ ಸುತ್ತಿ ನೀರು ಹಾಯಿಸುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಉಪ್ಪುನೀರು ತಾಮ್ರವನ್ನು ತಿನ್ನುತ್ತದೆ, ಕರಗಿದ ತಾಮ್ರ ತೀರ ಕಡಿಮೆ ಇದ್ದರೂ ಸಿಗಡಿ, ಏಡಿಗಳನ್ನು ಕೊಲ್ಲುತ್ತದೆ. ನಮ್ಮ ಕಡಲ ಗಾಳಿಗೆ ಚಿಲ್ಲರಿನ ಹಿಂದಿನ ಅಲ್ಯುಮಿನಿಯಂ ರೆಕ್ಕೆಗಳು ಬೇಗ ಪುಡಿಯಾಗುತ್ತವೆ, ತಿಂಗಳಿಗೊಮ್ಮೆ ಮೆತ್ತಗೆ ಬ್ರಷ್ ಹಾಕಿ. 27ಕ್ಕೆ ಸೆಟ್ ಮಾಡಿ. 24 ಅಂತ ಹಟ ಹಿಡಿದರೆ ಅದು ನಿಲ್ಲದೆ ಓಡುತ್ತದೆ, ಕರೆಂಟ್ ಹೋದ ರಾತ್ರಿ ನೀರು ಏರಬೇಕಾದ ದೂರವೂ ಜಾಸ್ತಿ.

ಎಸಿ ಇದ್ದವರಿಗೆ ಇನ್ನೂ ಸುಲಭದ ದಾರಿ ಇದೆ. ಎಸಿ ಗಾಳಿಯನ್ನು ತಂಪು ಮಾಡುವಾಗ ಅದರ ನೀರನ್ನೂ ಹಿಂಡಿ ಹೊರಗೆ ಬಿಡುತ್ತದೆ. ಪೈಪಿನಿಂದ ತೊಟ್ಟಿಕ್ಕುವುದು ಅದೇ. ಗಾಳಿ ಒಣಗಿದರೆ ಒದ್ದೆ ಬಟ್ಟೆಯ ಅಂಕಿ ಇಳಿಯುತ್ತದೆ, ಆಗ ನಿಮ್ಮ 12 ವೋಲ್ಟಿನ ಫ್ಯಾನಿಗೆ ಮತ್ತೆ ಜೀವ ಬರುತ್ತದೆ. ಎಸಿಯನ್ನು 20ಕ್ಕೆ ಹಾಕಬೇಕಿಲ್ಲ. 27, 28ಕ್ಕೆ ಇಟ್ಟು ಟ್ಯಾಂಕಿನ ಫ್ಯಾನ್ ಓಡಿಸಿದರೆ ಸಾಕು. ಒಂದೇ ಕೋಣೆಯಲ್ಲಿ ಮಕ್ಕಳೂ ಮೀನೂ ನೆಮ್ಮದಿಯಾಗಿ ಮಲಗುತ್ತಾರೆ.

ಊಟದ ವಿಷಯ ಮರೆಯುವ ಮೊದಲು ಹೇಳಿಬಿಡುತ್ತೇನೆ. ಬಿಸಿಲು ಜಾಸ್ತಿಯಾದ ದಿನ ಅರ್ಧ ಹಾಕಿ. ಮೀನು ಕರಗಿಸಲೂ ಆಮ್ಲಜನಕ ಬೇಕು, ತಿನ್ನದೆ ಉಳಿದದ್ದು ಕೊಳೆಯಲೂ ಬೇಕು. ಕೊಳೆತಾಗ ಹುಟ್ಟುವ ಅಮೋನಿಯಾ ಬಿಸಿ ನೀರಿನಲ್ಲಿ ಇನ್ನೂ ವಿಷ.

ಹೊರಡುವ ಮುಂಚೆ ಇನ್ನೊಮ್ಮೆ ಆ ಥರ್ಮಾಮೀಟರ್ ಓದಿಬಿಡಿ. ಒಣಗಿದ್ದು 31ಕ್ಕೆ ಇಳಿದಿದೆ, ಸೂರ್ಯ ಮುಳುಗಿದ. ಒದ್ದೆಯದು 28 ಇದ್ದದ್ದು ಈಗ 28.5. ಕಡಲ ಗಾಳಿ ನಿಂತಿದೆ, ನಾವಿಷ್ಟು ಜನ ಒಂದೂವರೆ ತಾಸು ಇಲ್ಲೇ ಉಸಿರಾಡಿದ್ದೇವೆ. ತಂಪಾಯಿತು ಅನ್ನಿಸುತ್ತದೆ, ಆದರೆ ನೀರು ಬೆವರುವ ಜಾಗ ಇನ್ನೂ ಕಡಿಮೆಯಾಗಿದೆ. ಹೊರಗೂ ಮೋಡ ಕಟ್ಟಿದೆ, ಗುಡುಗು ಕೇಳಿಸುತ್ತಿದೆ. ಕರೆಂಟ್ ಹೋಗಬಹುದು. ದೂರದಿಂದ ಬಂದವರು ಈಗಲೇ ಮನೆಗೆ ಫೋನ್ ಮಾಡಿ ಏರ್ ಪಂಪ್ ಹಾಕಿಸಿ.